ಕರಾಟೆಯಿಂದ ಲೈಟ್ ಕಾಂಟ್ಯಾಕ್ಟ್‌ಗೆ: ಎಂಟು ವಾರ ಇದೆ, ಎಲ್ಲಿಂದ ಶುರು ಮಾಡಲಿ?

ಎಡಗಾಲು

ಎಲ್ಲರಿಗೂ ನಮಸ್ಕಾರ. ಐದು ವರ್ಷದಿಂದ ಕರಾಟೆ ಕಲಿಯುತ್ತಿದ್ದೇನೆ. ಪಾಯಿಂಟ್ ಕುಮಿಟೆ, ಅಂದರೆ ಪೆಟ್ಟು ಬಿದ್ದ ಕೂಡಲೇ ಆಟ ನಿಲ್ಲಿಸಿ ಅಂಕ ಕೊಡುವ ಕರಾಟೆ ಪಂದ್ಯ, ಆಡಿದ್ದೇನೆ. ಗೆದ್ದದ್ದು ಕಡಿಮೆ, ಸೋತದ್ದು ಜಾಸ್ತಿ. ಆದರೂ ಮ್ಯಾಟ್ ಮೇಲೆ ನಿಂತರೆ ಏನು ಮಾಡಬೇಕು ಅಂತ ಗೊತ್ತಿದೆ ಅಂದುಕೊಂಡಿದ್ದೆ.

ಈ ಸಲ ಲೈಟ್ ಕಾಂಟ್ಯಾಕ್ಟ್ (ಹಗುರ ಪೆಟ್ಟಿನ) ಕಿಕ್‌ಬಾಕ್ಸಿಂಗ್‌ಗೆ ಹೆಸರು ಕೊಟ್ಟಿದ್ದೇನೆ. ಎರಡೆರಡು ನಿಮಿಷದ ಮೂರು ರೌಂಡು, ನಡುವೆ ಒಂದು ನಿಮಿಷ ಬಿಡುವು. ಹೋದ ವಾರ ಕಿಕ್‌ಬಾಕ್ಸಿಂಗ್ ಹುಡುಗರ ಜೊತೆ ಮೊದಲ ಸ್ಪಾರಿಂಗ್ (ಅಭ್ಯಾಸದ ಕಾದಾಟ) ಮಾಡಿದೆ. ಮೊದಲ ಗುದ್ದು ನನ್ನದೇ, ನೇರ ಹೊಟ್ಟೆಗೆ ಬಿತ್ತು. ಬಿದ್ದ ತಕ್ಷಣ ಹಿಂದೆ ಸರಿದು ನಿಂತುಬಿಟ್ಟೆ. ರೆಫರಿ 'ಯಮೆ' (ನಿಲ್ಲಿಸಿ) ಅಂತ ಕೂಗಲಿ ಅಂತ ಮೈ ತಾನಾಗಿಯೇ ಕಾಯುತ್ತಿತ್ತು. ಯಾರೂ ಕೂಗಲಿಲ್ಲ. ಎದುರಿಗಿದ್ದವನು ಖಾಲಿ ಬಿಟ್ಟ ಮುಖಕ್ಕೆ ಮೂರು ಕೊಟ್ಟ. ಎರಡನೇ ರೌಂಡಿನ ಅರ್ಧಕ್ಕೆ ತೋಳು ಕಲ್ಲಾಗಿತ್ತು, ಕೈ ಎತ್ತಲು ಆಗಲಿಲ್ಲ.

ಎಂಟು ವಾರದಲ್ಲಿ ಏನೇನು ಸರಿ ಮಾಡಿಕೊಳ್ಳಬಹುದು? ಬೇರೆ ಬೇರೆ ಪದ್ಧತಿಯವರ ಜೊತೆ ಆಡಿದವರು ದಯವಿಟ್ಟು ಹೇಳಿ.

ಹಳೇ ಗ್ಲೌಸ್

ನಿಮ್ಮ ಕರಾಟೆ ಕೆಟ್ಟದ್ದು ಅಂತ ತಿಳಿಯಬೇಡಿ. ನಿಮ್ಮ ಮೈ ತನಗೆ ಕಲಿಸಿದ್ದನ್ನೇ ಮಾಡಿದೆ. ಒಂದು ಪೆಟ್ಟು, ನಿಲ್ಲು, ಪಾಯಿಂಟ್ ಎಣಿಸು. ಐದು ವರ್ಷ ಅದನ್ನೇ ಉಣಿಸಿದ್ದೀರಿ.

ಪ್ರತಿ ಪದ್ಧತಿಗೂ ಹೀಗೊಂದು ಕುರುಡು ಜಾಗ ಇರುತ್ತದೆ, ಮತ್ತು ಅದು ನಿಯಮದಿಂದಲೇ ಹುಟ್ಟಿದ್ದು. ಒಲಿಂಪಿಕ್ಸ್ ಮಾದರಿಯ ಟೇಕ್ವಾಂಡೋದಲ್ಲಿ ಮುಖಕ್ಕೆ ಗುದ್ದುವಂತಿಲ್ಲ. ಅದಕ್ಕೇ ಅವರ ಕೈ ಕೆಳಗೆ ಇಳಿದಿರುತ್ತದೆ. ಪೂರ್ತಿ ಬಲದ ಕರಾಟೆಯಾದ ಕ್ಯೋಕುಶಿನ್‌ನಲ್ಲೂ ಮುಖಕ್ಕೆ ಗುದ್ದಿಲ್ಲ, ಆದರೆ ತಲೆಗೆ ಒದೆ ಉಂಟು. ಅವರು ಎದೆಗೆ ಎದೆ ಕೊಟ್ಟು ನಿಂತು ಪಕ್ಕೆಗೆ, ತೊಡೆಗೆ ಹೊಡೆಯುತ್ತಾರೆ. ಆ ಅಂತರದಲ್ಲಿ ಬಾಕ್ಸರ್ ಒಬ್ಬ ಸಿಕ್ಕರೆ ಗದ್ದದ ಗತಿ ಹೇಳಬೇಕಿಲ್ಲ. ಇನ್ನು ಬಾಕ್ಸರ್ ಸೊಂಟ ಬಗ್ಗಿಸಿ ತಲೆ ತಗ್ಗಿಸುತ್ತಾನೆ. ಬಾಕ್ಸಿಂಗ್‌ನಲ್ಲಿ ಅದು ಕಲೆ, ಮುಯ್ ಥಾಯ್‌ನಲ್ಲಿ ಎದುರಾಳಿಯ ಮೊಣಕಾಲಿಗೆ ತಾನೇ ಮುಖ ಒಪ್ಪಿಸಿದ ಹಾಗೆ. ಜೂಡೋದವರು ನೆಟ್ಟಗೆ ನಿಲ್ಲುತ್ತಾರೆ. ಕಾಲಿಗೆ ಕೈ ಹಾಕುವುದಕ್ಕೆ 2010ರಲ್ಲಿ ಕಡಿವಾಣ ಬಿತ್ತು, 2013ರಲ್ಲಿ ಪೂರ್ತಿ ನಿಂತಿತು. ಕುಸ್ತಿಯವನು ಮೊದಲು ನೋಡುವುದೇ ಆ ಕಾಲನ್ನು.

ಹಾಗಾಗಿ ಮೊದಲ ಎರಡು ವಾರ ಹೊಸ ಒದೆ ಕಲಿಯಲು ಹೋಗಬೇಡಿ. ಎರಡೇ ಕೆಲಸ. ಒಂದು, ಹೊಡೆದ ಮೇಲೆ ನಿಲ್ಲುವ ಚಾಳಿ ಬಿಡಿಸುವುದು. ಪ್ಯಾಡ್ ಹಿಡಿಯುವವರಿಗೆ ಹೇಳಿ: ನಿಮ್ಮ ಕೊನೆಯ ಪೆಟ್ಟು ಬಿದ್ದ ಕೂಡಲೇ ಅವರು ಪ್ಯಾಡಿನಿಂದ ನಿಮ್ಮ ತಲೆಗೆ ಒಂದು ಬೀಸಲಿ. ನೀವು ತಡೆದು, ಮತ್ತೆರಡು ಹೊಡೆದು, ಪಕ್ಕಕ್ಕೆ ಹೊರಡಬೇಕು. ನೇರ ಹಿಂದಕ್ಕಲ್ಲ, ಪಕ್ಕಕ್ಕೆ. ಇನ್ನೊಂದು, ಕೈ ಗದ್ದಕ್ಕೆ ವಾಪಸ್ ಬರುವುದು. ಕರಾಟೆಯವರ ಕೈ ಸೊಂಟಕ್ಕೆ ಮರಳುತ್ತದೆ, ಅಲ್ವಾ?

ನಿಮ್ಮ ಆಸ್ತಿಯನ್ನೂ ಮರೆಯಬೇಡಿ. ದೂರದಿಂದ ಒಂದೇ ನೆಗೆತಕ್ಕೆ ಒಳಗೆ ನುಗ್ಗುವುದು ಪಾಯಿಂಟ್ ಕರಾಟೆಯವರಿಗೆ ಬಂದಷ್ಟು ಬೇರೆಯವರಿಗೆ ಬರುವುದಿಲ್ಲ. ಅದನ್ನು ಹಾಗೇ ಇಟ್ಟುಕೊಳ್ಳಿ.

ರೆಫರಿ ಕುರ್ಚಿ

ಎಲ್ಲರೂ ಬ್ಯಾಗಿನ ಹತ್ತಿರ ಓಡುತ್ತಾರೆ, ನಿಯಮ ಪುಸ್ತಕ ಮಾತ್ರ ಯಾರೂ ತೆರೆಯುವುದಿಲ್ಲ. ನನ್ನ ದೂರು ಇಷ್ಟೇ.

ಅಂಕ ಎಲ್ಲಿ ಸಿಗುತ್ತದೆ ನೋಡಿ. ಡಬ್ಲ್ಯೂಕೆಎಫ್ (ವಿಶ್ವ ಕರಾಟೆ ಒಕ್ಕೂಟ) ನಿಯಮದ ಕರಾಟೆಯಲ್ಲಿ ಗುದ್ದಿಗೆ 1, ಹೊಟ್ಟೆ-ಬೆನ್ನಿಗೆ ಒದೆ ಬಿದ್ದರೆ 2, ತಲೆಗೆ ಒದೆ ಅಥವಾ ಬಿದ್ದವನ ಮೇಲೆ ಹೊಡೆದರೆ 3. ಎಂಟು ಅಂಕ ಮುಂದೆ ಹೋದರೆ ಪಂದ್ಯ ಅಲ್ಲಿಗೇ ಮುಗಿಯಿತು. ನೆಲದ ಮೇಲೆ ಹಿಡಿದಾಡುವ ಬ್ರೆಜಿಲಿಯನ್ ಜಿಯು-ಜಿತ್ಸುವಿನಲ್ಲಿ, ಐಬಿಜೆಜೆಎಫ್ ಒಕ್ಕೂಟದ ಪಂದ್ಯದಲ್ಲಿ ಕೆಡವಿದರೆ 2, ಗಾರ್ಡ್ (ಕೆಳಗಿದ್ದವನ ಕಾಲಿನ ತಡೆ) ದಾಟಿದರೆ 3, ಎದೆಯ ಮೇಲೆ ಕೂತರೆ ಅಥವಾ ಬೆನ್ನು ಹತ್ತಿದರೆ 4. ಜೂಡೋದಲ್ಲಿ ಬೆನ್ನು ನೆಲಕ್ಕೆ ಬೀಳುವಂತೆ ಜೋರಾಗಿ ಎಸೆದರೆ ಇಪ್ಪೋನ್, ಆಟ ಮುಗಿಯಿತು. ಅದೇ ಎಸೆತಕ್ಕೆ ಜಿಯು-ಜಿತ್ಸುವಿನಲ್ಲಿ ಬರೀ 2. ಒಂದೇ ಕೆಲಸ, ಬೆಲೆ ಬೇರೆ ಬೇರೆ.

ತಪ್ಪು ಎಲ್ಲಿ ಆಗುತ್ತದೆ ಅನ್ನುವುದನ್ನು ಅದಕ್ಕಿಂತ ಗಮನವಾಗಿ ಓದಿ. ಟೋಕಿಯೋ ಒಲಿಂಪಿಕ್ಸ್‌ನ ಕರಾಟೆ ನೆನಪಿದೆಯಾ? 2021ರ ಆಗಸ್ಟ್ 7, 75 ಕೆಜಿ ಮೇಲ್ಪಟ್ಟವರ ಫೈನಲ್. ಸೌದಿಯ ತಾರೆಗ್ ಹಮೇದಿ 4-1ರಿಂದ ಮುಂದಿದ್ದರು. ತಲೆಗೆ ಒಂದು ಒದೆ ಬಿತ್ತು. ಇರಾನಿನ ಸಜ್ಜಾದ್ ಗಂಜ್‌ಜಾದೆ ಪ್ರಜ್ಞೆ ತಪ್ಪಿ ನೆಲಕ್ಕೆ ಬಿದ್ದರು, ಸ್ಟ್ರೆಚರ್ ಮೇಲೆ ಹೊತ್ತೊಯ್ದರು. ಚಿನ್ನ ಸಿಕ್ಕಿದ್ದು ಗಂಜ್‌ಜಾದೆಗೆ! ಹಿಡಿತವಿಲ್ಲದ ಒದೆ ಅಂತ ಹಮೇದಿಯನ್ನು ಅನರ್ಹ ಮಾಡಿದರು. ಬೇರೆ ಯಾವ ರಿಂಗಿನಲ್ಲಾದರೂ ಆ ಒದೆಗೆ ಜನ ಎದ್ದು ಕುಣಿಯುತ್ತಿದ್ದರು.

ಲೈಟ್ ಕಾಂಟ್ಯಾಕ್ಟ್‌ನಲ್ಲೂ ಇದೇ ಕಥೆ. ಹೊಸಬರು ಹೆದರಿಕೆಯಲ್ಲಿ ಜೋರು ಮಾಡುತ್ತಾರೆ, ಎಚ್ಚರಿಕೆ ಪಡೆಯುತ್ತಾರೆ, ಅಂಕ ಕಳೆದುಕೊಳ್ಳುತ್ತಾರೆ. ನಿಮ್ಮ ಕರಾಟೆಯ ಹಿಡಿತ ಇಲ್ಲಿ ನಿಮಗೆ ಲಾಭ.

ಕಬ್ಬಿಣದ ಗದ್ದ

ಇಷ್ಟೆಲ್ಲ ಪುಸ್ತಕ ಓದಿ ಏನು ಪ್ರಯೋಜನ? ಪೆಟ್ಟು ತಿಂದು ಅಭ್ಯಾಸ ಆಗಬೇಕು. ವಾರಕ್ಕೆ ಮೂರು ದಿನ ಪೂರ್ತಿ ಜೋರಿನ ಸ್ಪಾರಿಂಗ್ ಮಾಡಿ. ಭಯ ಹೋಗುವುದು ಹಾಗೇ. ನಾವೆಲ್ಲ ಹಾಗೇ ಕಲಿತದ್ದು. ಹೆಲ್ಮೆಟ್ ಹಾಕಿಕೊಳ್ಳಿ, ಏನೂ ಆಗಲ್ಲ.

ಬೆಳಗಿನ ಪಾಳಿ

ಕೊನೆಯ ಮಾತಿಗೆ ಉತ್ತರ ಕೊಡದೆ ಇರಲು ಆಗುತ್ತಿಲ್ಲ. ನಾನು ಫಿಸಿಯೋಥೆರಪಿಸ್ಟ್. ಹೆಲ್ಮೆಟ್ ಚರ್ಮ ಒಡೆಯುವುದನ್ನು, ಹುಬ್ಬು ಸೀಳುವುದನ್ನು ತಡೆಯುತ್ತದೆ. ಬುರುಡೆಯೊಳಗೆ ಮಿದುಳು ಅಲುಗುವುದನ್ನು ತಡೆಯುವುದಿಲ್ಲ. ದೊಡ್ಡವರ ಅಮೆಚೂರ್ ಬಾಕ್ಸಿಂಗ್‌ನಲ್ಲಿ ಗಂಡಸರ ಹೆಲ್ಮೆಟ್ಟನ್ನು 2013ರಲ್ಲೇ ತೆಗೆದರು. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಬರಿ ತಲೆಯಲ್ಲೇ ಆಡಿದರು. ಅದು ಸರಿಯೋ ತಪ್ಪೋ ಎಂಬ ವಾದ ಇದ್ದೇ ಇದೆ. ಆದರೆ 'ಹೆಲ್ಮೆಟ್ ಇದೆ, ಏನೂ ಆಗಲ್ಲ' ಅನ್ನುವುದು ಮಾತ್ರ ಖಂಡಿತ ತಪ್ಪು.

ತಲೆಗೆ ಪೆಟ್ಟಾಗಿ ಕನ್‌ಕಷನ್ (ಮಿದುಳಿಗೆ ಆಘಾತ) ಆಗಲು ಪ್ರಜ್ಞೆ ತಪ್ಪಲೇಬೇಕು ಅಂತಿಲ್ಲ. ತಲೆನೋವು, ವಾಕರಿಕೆ, ಬೆಳಕು ಚುಚ್ಚುವುದು, ಯೋಚನೆ ನಿಧಾನವಾಗುವುದು, ಈಗತಾನೇ ಆದ ರೌಂಡು ನೆನಪಿಗೆ ಬಾರದಿರುವುದು, ಇವು ಸಾಕು. ಅನುಮಾನ ಬಂದರೆ ಆ ದಿನದ ಆಟ ಮುಗಿಯಿತು, 'ಇನ್ನೊಂದೇ ರೌಂಡು' ಅನ್ನುವಂತಿಲ್ಲ. ಡಾಕ್ಟರಿಗೆ ತೋರಿಸಿ. ವಾಂತಿ ನಿಲ್ಲದಿದ್ದರೆ, ತಲೆನೋವು ಏರುತ್ತಲೇ ಹೋದರೆ, ಎಬ್ಬಿಸಿದರೂ ಏಳದಿದ್ದರೆ ತಕ್ಷಣ ಆಸ್ಪತ್ರೆ. ಅಭ್ಯಾಸಕ್ಕೆ ಮರಳುವುದು ಮೆಟ್ಟಿಲು ಮೆಟ್ಟಿಲಾಗಿ: ನಡಿಗೆ, ಹಗುರ ಓಟ, ಒಬ್ಬರೇ ಮಾಡುವ ಅಭ್ಯಾಸ, ಪೆಟ್ಟಿಲ್ಲದ ಜೋಡಿ ಅಭ್ಯಾಸ, ಡಾಕ್ಟರು ಒಪ್ಪಿದ ಮೇಲೆ ಸ್ಪಾರಿಂಗ್, ಆಮೇಲೆ ಪಂದ್ಯ. ಒಂದೊಂದು ಮೆಟ್ಟಿಲಿಗೆ ಕಡಿಮೆ ಅಂದರೂ 24 ಗಂಟೆ. ಹಿಂದಿನದು ವಾಸಿಯಾಗುವ ಮುಂಚೆ ಇನ್ನೊಂದು ಪೆಟ್ಟು ಬಿದ್ದರೆ ಜೀವಕ್ಕೇ ಕುತ್ತು ಬರಬಹುದು.

ಹಳೇ ಗ್ಲೌಸ್

ಕಬ್ಬಿಣದ ಗದ್ದ ಅವರೇ, ನೀವು ಹೇಳುವುದರಲ್ಲಿ ಒಂದು ಪಾಲು ನಿಜ ಇದೆ. ಒತ್ತಡವೇ ಇಲ್ಲದೆ ಪಂದ್ಯಕ್ಕೆ ಹೋದವರು ಮೊದಲ ಪೆಟ್ಟಿಗೇ ಕಂಗಾಲಾಗುತ್ತಾರೆ. ಆದರೆ ವಾರಕ್ಕೆ ಮೂರು ದಿನ ತಲೆಗೆ ಜೋರು ಪೆಟ್ಟು ತಿಂದವನು ಪಂದ್ಯದ ದಿನಕ್ಕೆ ಆಗಲೇ ಅರ್ಧ ಖರ್ಚಾಗಿರುತ್ತಾನೆ. ಥಾಯ್ಲೆಂಡಿನ ಮುಯ್ ಥಾಯ್ ಆಟಗಾರರ ಸ್ಪಾರಿಂಗ್ ನೋಡಿ. ನಗುನಗುತ್ತಾ ಹಗುರಾಗಿ ಆಡುತ್ತಾರೆ. ಮೇಲಿಂದ ಮೇಲೆ ಪಂದ್ಯ ಇರುವವರಿಗೆ ಜಿಮ್‌ನಲ್ಲಿ ಮೈ ಮುರಿದುಕೊಳ್ಳಲು ಪುರುಸೊತ್ತಿಲ್ಲ. ಬಲವೆಲ್ಲ ಪ್ಯಾಡಿಗೆ, ಬ್ಯಾಗಿಗೆ, ಕ್ಲಿಂಚಿಗೆ (ನಿಂತೇ ಅಪ್ಪಿ ಹಿಡಿದಾಡುವುದಕ್ಕೆ).

ಎಡಗಾಲು ಆಡುತ್ತಿರುವುದಂತೂ ಲೈಟ್ ಕಾಂಟ್ಯಾಕ್ಟ್. ಪೂರ್ತಿ ಜೋರಲ್ಲಿ ಅಭ್ಯಾಸ ಮಾಡಿದರೆ ಪಂದ್ಯದಲ್ಲಿ ರೆಫರಿಯೇ ಮನೆಗೆ ಕಳಿಸುತ್ತಾರೆ.

ಕಬ್ಬಿಣದ ಗದ್ದ

ಆ ಕೊನೇ ಮಾತು ಒಪ್ಪಿದೆ. ಉಳಿದದ್ದಕ್ಕೆ ನನ್ನ ಮಾತು ನನಗೆ.

ಎಡಗಾಲು

ಹೋ, ಇಷ್ಟೊಂದು ಉತ್ತರ ನಿರೀಕ್ಷಿಸಿರಲಿಲ್ಲ. ಪ್ಯಾಡಿನ ಅಭ್ಯಾಸ ಶುರು ಮಾಡಿದೆ. ಹತ್ತರಲ್ಲಿ ಆರು ಸಲ ಇನ್ನೂ ನಿಲ್ಲುತ್ತೇನೆ, ಪ್ಯಾಡು ಕಿವಿಗೆ ಪಟ್ ಅನ್ನುತ್ತದೆ. ಈಗ ನನ್ನ ಪ್ರಶ್ನೆ ಉಸಿರಿನದು. ದಿನಾ ಐದು ಕಿಲೋಮೀಟರ್ ಓಡುತ್ತೇನೆ, ಸುಸ್ತೇ ಆಗುವುದಿಲ್ಲ. ಸ್ಪಾರಿಂಗ್‌ನಲ್ಲಿ ಎರಡು ನಿಮಿಷಕ್ಕೆ ಸತ್ತುಹೋಗುತ್ತೇನೆ. ಯಾಕೆ?

ಐವತ್ತೆರಡು ಕೆಜಿ

ಉಸಿರು ಹಿಡಿಯುತ್ತಿದ್ದೀರಿ, ಅದಕ್ಕೆ. ನನಗೂ ಹೀಗೇ ಆಗುತ್ತಿತ್ತು. ಯಾರಿಂದಾದರೂ ವಿಡಿಯೋ ಮಾಡಿಸಿ, ನಿಮ್ಮ ಬಾಯಿ ನೋಡಿ. ಪೆಟ್ಟು ಬರುವಾಗ ಭುಜ ಕಿವಿಗೆ ಏರಿ, ಬಾಯಿ ಬಿಗಿದು, ಮುಷ್ಟಿ ಗಟ್ಟಿಯಾಗಿರುತ್ತದೆ. ಹಾಗೆ ಎರಡು ನಿಮಿಷ ಸುಮ್ನೆ ನಿಂತರೂ ತೋಳು ಸೋಲುತ್ತದೆ. ಪ್ರತಿ ಪೆಟ್ಟಿಗೂ 'ಸ್' ಅಂತ ಉಸಿರು ಬಿಡಿ. ಬಾಕ್ಸರ್‌ಗಳು ಸದ್ದು ಮಾಡುವುದು ಶೋಕಿಗಲ್ಲ. ಮುಷ್ಟಿಯನ್ನು ತಗಲುವ ಕ್ಷಣಕ್ಕೆ ಮಾತ್ರ ಬಿಗಿ ಮಾಡಿ.

ನಿಧಾನದ ಓಟ ಬುನಾದಿಗೆ ಒಳ್ಳೆಯದು, ಬಿಡಬೇಡಿ. ಅದರ ಮೇಲೆ ಪಂದ್ಯದ ಅಳತೆಯ ಅಭ್ಯಾಸ ಬೇಕು. ಎರಡು ನಿಮಿಷ ಬ್ಯಾಗ್, ಒಂದು ನಿಮಿಷ ಬಿಡುವು, ಹೀಗೆ ಮೂರರಿಂದ ಶುರು ಮಾಡಿ ಐದಕ್ಕೆ ಏರಿಸಿ. ಪ್ರತಿ ರೌಂಡಿನ ಕೊನೆಯ ಇಪ್ಪತ್ತು ಸೆಕೆಂಡು ಕೈ ನಿಲ್ಲಬಾರದು. ಆರನೇ ವಾರದ ಹೊತ್ತಿಗೆ ನೀವು ನಡುವೆ ನಿಂತು, ನಿಮಿಷಕ್ಕೊಬ್ಬ ಹೊಸ ಜೊತೆಗಾರ ಬರುವ ಹಾಗೆ ಒಂದೆರಡು ಸಲ ಮಾಡಿ. ಹಗುರಾಗಿ, ಆದರೆ ನಿಲ್ಲದೆ. ಹೊಸ ಮುಖ ಬಂದಾಗಲೆಲ್ಲ ಎದೆ ಹೊಡೆದುಕೊಳ್ಳುತ್ತದೆ. ಬೇಕಾಗಿರುವುದೂ ಅದೇ.

ಇನ್ನೊಂದು ಮಾತು, ಸ್ವಲ್ಪ ಪಕ್ಕದ ವಿಷಯ. ಬೇರೆ ಜಿಮ್‌ಗೆ ಹೋದಾಗ ಗ್ಲೌಸ್ ತಗಲಿಸುವ ಮುಂಚೆ ಬಾಯಿಬಿಟ್ಟು ಕೇಳಿ: ಎಷ್ಟು ಜೋರು? ತಲೆಗೆ ಉಂಟಾ? ತೊಡೆಗೆ ಒದೆ ಉಂಟಾ? ನಾನು ಐವತ್ತೆರಡು ಕೆಜಿ. 'ಹಗುರ' ಅಂತ ಎಂಬತ್ತು ಕೆಜಿಯವರು ಹೇಳುವುದಕ್ಕೂ ನಾನು ಹೇಳುವುದಕ್ಕೂ ವ್ಯತ್ಯಾಸ ಇದೆ. ಒಮ್ಮೆ ಒಬ್ಬರು ನನಗೆ ಒಂದು ಪೆಟ್ಟು ಬಿದ್ದದ್ದಕ್ಕೆ ಅವಮಾನ ಆದವರಂತೆ ಮುಂದಿನದನ್ನು ಪೂರ್ತಿ ಬಲ ಹಾಕಿ ಹೊಡೆದರು. ನಾನು ಗ್ಲೌಸ್ ಬಿಚ್ಚಿ ಹೊರಗೆ ಬಂದೆ. ಮೂಗಿನ ರಕ್ತ ಎರಡು ದಿನ ಆಗಾಗ ಬರುತ್ತಿತ್ತು. ಹೊರಗೆ ಬಂದದ್ದಕ್ಕೆ ಇವತ್ತಿಗೂ ಬೇಜಾರಿಲ್ಲ. ಜೊತೆಗಾರರನ್ನು ಆರಿಸಿಕೊಳ್ಳುವುದೂ ತಯಾರಿಯೇ.

ಮ್ಯಾಟಿನ ಇರುವೆ

ಒದೆ-ಗುದ್ದಿನವರೇ ಮಾತಾಡುತ್ತಿದ್ದೀರಿ. ನೆಲದ ಮೇಲೆ ಹಿಡಿದಾಡುವವರ ಕಡೆಯಿಂದ ನಾನೊಬ್ಬ.

ಎರಡು ಪದ್ಧತಿಗಳು ನಿಯಮ ಕೂಡಿಬಾರದೆ ಎದುರಾದರೆ ಏನಾಗುತ್ತದೆ ಅನ್ನುವುದಕ್ಕೆ ಟೋಕಿಯೋದಲ್ಲಿ 1976ರ ಜೂನ್ 26ರಂದು ನಡೆದ ಅಲಿ-ಇನೋಕಿ ಪಂದ್ಯ ನೋಡಬೇಕು. ಮೊಹಮ್ಮದ್ ಅಲಿ ಬಾಕ್ಸರ್, ಇನೋಕಿ ಕುಸ್ತಿಯವರು. ಹದಿನೈದು ರೌಂಡಿನ ಬಹುಪಾಲು ಇನೋಕಿ ಬೆನ್ನ ಮೇಲೆ ಮಲಗಿ ಅಲಿಯ ಕಾಲಿಗೆ ಒದೆಯುತ್ತಲೇ ಇದ್ದರು. ಅಲಿ ಹೊಡೆದ ಗುದ್ದುಗಳನ್ನು ಬೆರಳಲ್ಲಿ ಎಣಿಸಬಹುದು. ಪಂದ್ಯ ಡ್ರಾ. ಜನ ಬೈದುಕೊಂಡು ಹೋದರು, ಅಲಿಯ ಕಾಲು ಬಾತು ಆಸ್ಪತ್ರೆ ಸೇರಬೇಕಾಯಿತು. ನೋಡಲು ಭಾರೀ ಬೋರು, ಆದರೆ ನನಗೆ ಬಹಳ ಇಷ್ಟ.

ನಮ್ಮ ಕಡೆ ಬಂದು ಆಡುವ ಗುದ್ದಿನವರಿಗೆ ಮೊದಲ ಮಾತು: ಬೇಗ ಟ್ಯಾಪ್ ಮಾಡಿ, ಅಂದರೆ ಕೈ ತಟ್ಟಿ ಸೋಲೊಪ್ಪಿಕೊಳ್ಳಿ. ಕತ್ತು ಅಥವಾ ಕೈ ಸಿಕ್ಕಿಬಿದ್ದಿದೆ ಅಂತ ಗೊತ್ತಾದರೆ ಸಾಕು, ನೋವಾಗುವವರೆಗೂ ಕಾಯಬೇಡಿ. ಹಿಮ್ಮಡಿ ತಿರುಚುವ ಪಟ್ಟಿನಲ್ಲಿ ನೋವು ತಿಳಿಯುವ ಹೊತ್ತಿಗೆ ಮೊಣಕಾಲಿನ ಒಳಗೆ ಹರಿದಿರಬಹುದು. ಹೊಸಬರು ಅದನ್ನು ಆಡುವುದೇ ಬೇಡ. ಎರಡನೆಯದು, ಪೂರ್ತಿ ರೌಂಡ್ ಆಡುವುದಕ್ಕಿಂತ ತುಂಡು ತುಂಡಾಗಿ ಆಡಿ. ಎದುರಾಳಿ ಎದೆಯ ಮೇಲೆ ಕೂತಲ್ಲಿಂದ ಶುರು. ತಪ್ಪಿಸಿಕೊಂಡರೆ ಮತ್ತೆ ಅಲ್ಲಿಂದಲೇ. ಹತ್ತು ನಿಮಿಷದಲ್ಲಿ ಒಂದೇ ಸಂಕಟವನ್ನು ಇಪ್ಪತ್ತು ಸಲ ನೋಡಬಹುದು. ಇದನ್ನು ಗುದ್ದಿನವರೂ ಮಾಡಬಹುದಲ್ಲ? ಎಡಗಾಲು ಅವರೇ, ನಿಮ್ಮ ಬೆನ್ನು ಮೂಲೆಗೆ ಕೊಟ್ಟು ಶುರು ಮಾಡಿ, ಹೊರಗೆ ಬರುವುದನ್ನಷ್ಟೇ ಆಡಿ.

ಉಗುರು ಕತ್ತರಿಸಿ. ಮ್ಯಾಟಿಂದ ಇಳಿದ ಕೂಡಲೇ ಸ್ನಾನ. ಗುಂಡಗೆ ಕೆಂಪು ಕಲೆ ಎದ್ದಿದ್ದರೆ ಅದು ಹುಳುಕಡ್ಡಿ ಇರಬಹುದು. ವಾಸಿಯಾಗುವವರೆಗೂ ಯಾರ ಮೈಗೂ ಮೈ ಉಜ್ಜಬೇಡಿ. ಇದನ್ನು ಮುಚ್ಚಿಟ್ಟು ಆಡುವವರ ಮೇಲೆ ನನಗೆ ತಡೆಯಲಾರದ ಸಿಟ್ಟು.

ಎಡಗಾಲು

ಮೂಲೆಯ ಆಟ ಆಡಿದೆ. ಚೆನ್ನಾಗಿ ಒದೆ ತಿಂದೆ. ಈಗ ಹೊತ್ತಿಗೆ ಸರಿಯಾಗಿ ಪಕ್ಕಕ್ಕೆ ಹೊರಳುವುದು ಬರುತ್ತಿದೆ.

ತೂಕದ ಬಗ್ಗೆ ಕೇಳಬೇಕು. ನಾನೀಗ 72. ಕೆಳಗಿನ ವರ್ಗ 69. ಜಿಮ್‌ನ ಒಬ್ಬರು ಕೊನೆಯ ಎರಡು ದಿನ ನೀರು ಬಿಟ್ಟು, ಬೆವರಿಳಿಸಿದರೆ ಸುಲಭ ಅಂದರು. ಮಾಡಲೇ?

ಬೆಳಗಿನ ಪಾಳಿ

ಬೇಡ. ಇದು ನಿಮ್ಮ ಮೊದಲ ಪಂದ್ಯ, 72ಕ್ಕೆ ಸರಿಹೊಂದುವ ವರ್ಗದಲ್ಲೇ ಆಡಿ.

1997ರಲ್ಲಿ ಅಮೆರಿಕದ ಕಾಲೇಜು ಕುಸ್ತಿಯಲ್ಲಿ ಸುಮಾರು ಒಂದು ತಿಂಗಳ ಒಳಗೆ ಮೂವರು ಹುಡುಗರು ಹೀಗೆ ಬೆವರಿಳಿಸಿ ತೂಕ ಕಡಿಮೆ ಮಾಡಲು ಹೋಗಿ ಸತ್ತರು. ಆಮೇಲೆ ಅಲ್ಲಿ ರಬ್ಬರ್ ಸೂಟು, ಸೌನಾ ಎಲ್ಲವನ್ನೂ ನಿಷೇಧಿಸಿದರು. 2015ರ ಡಿಸೆಂಬರಿನಲ್ಲಿ ಒನ್ ಚಾಂಪಿಯನ್‌ಶಿಪ್ ಎಂಬ ಕಾದಾಟ ಸಂಸ್ಥೆಯ ಒಬ್ಬ ಚೀನೀ ಆಟಗಾರ ತೂಕ ಇಳಿಸುತ್ತಿರುವಾಗಲೇ ತೀರಿಕೊಂಡರು. ಆ ಸಂಸ್ಥೆಯೂ ನೀರಿಳಿಸಿ ತೂಕ ಕಡಿಮೆ ಮಾಡುವುದನ್ನು ನಿಲ್ಲಿಸಿತು. ಮೈಯಲ್ಲಿ ನೀರು ಕಡಿಮೆಯಾದರೆ ರಕ್ತ ಗಟ್ಟಿಯಾಗುತ್ತದೆ, ಮೈಯ ಬಿಸಿ ಹೊರಗೆ ಹೋಗುವುದಿಲ್ಲ, ಹೃದಯಕ್ಕೂ ಕಿಡ್ನಿಗೂ ಹೊರೆ. ಆ ಸ್ಥಿತಿಯಲ್ಲಿ ಹೋಗಿ ತಲೆಗೆ ಪೆಟ್ಟು ತಿನ್ನುತ್ತೀರಾ? ಮೂರು ಕೆಜಿ ಇಳಿಸಲೇಬೇಕು ಅಂದರೆ ಮುಂದಿನ ಪಂದ್ಯಕ್ಕೆ ತಿಂಗಳುಗಟ್ಟಲೆ ಸಮಯ ಇಟ್ಟುಕೊಂಡು ನಿಧಾನವಾಗಿ ಇಳಿಸಿ.

ರೆಫರಿ ಕುರ್ಚಿ

ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ತೂಕ ಯಾವಾಗ ನೋಡುತ್ತಾರೆ ಅಂತ ಮೊದಲೇ ಕೇಳಿಕೊಳ್ಳಿ. ಐಬಿಜೆಜೆಎಫ್ ಜಿಯು-ಜಿತ್ಸುವಿನಲ್ಲಿ ಮೊದಲ ಪಂದ್ಯಕ್ಕೆ ಹೋಗುವ ಸ್ವಲ್ಪ ಮುಂಚೆ, ಗಿ (ಆಟದ ಉಡುಪು) ಹಾಕಿಕೊಂಡೇ ತೂಗುತ್ತಾರೆ. ಗಿ ತೂಕ ಲೆಕ್ಕಕ್ಕೆ ಹಿಡಿಯದೆ ಅಲ್ಲೇ ಹೊರಗೆ ಹೋದವರನ್ನು ನೋಡಿದ್ದೇನೆ.

ಹಳೇ ಗ್ಲೌಸ್

ಕೊನೆಯ ಹತ್ತು ದಿನದ ಬಗ್ಗೆ ಯಾರೂ ಬರೆದಿಲ್ಲ, ಅದಕ್ಕೇ ಇದು. ಅಭ್ಯಾಸದ ಹೊತ್ತನ್ನು ಅರ್ಧಕ್ಕೆ ಇಳಿಸಿ, ವೇಗ ಇಳಿಸಬೇಡಿ. ನಾಲ್ಕು ಚುರುಕಾದ ರೌಂಡು ಸಾಕು, ಹತ್ತು ಬೇಡ. ಪಂದ್ಯಕ್ಕೆ ಒಂದು ವಾರ ಇರುವಾಗ ಸ್ಪಾರಿಂಗ್ ನಿಲ್ಲಿಸಿ. ಆ ವಾರ ಕಲಿಯುವುದು ಏನೂ ಇರುವುದಿಲ್ಲ, ಕಾಲ್ಬೆರಳು ಉಳುಕಿಸಿಕೊಳ್ಳುವುದು ಮಾತ್ರ ಇರುತ್ತದೆ.

ಮೌತ್ ಗಾರ್ಡ್ ಬಿಸಿ ನೀರಲ್ಲಿ ಅದ್ದಿ ಕಚ್ಚಿ ಕೂರಿಸುವಂಥದ್ದಾದರೆ ಈಗಲೇ ಕೂರಿಸಿ, ಹಾಕಿಕೊಂಡೇ ಅಭ್ಯಾಸ ಮಾಡಿ. ಹೊಸ ಮೌತ್ ಗಾರ್ಡ್‌ನಲ್ಲಿ ಉಸಿರಾಡಲು ಬಾರದೆ ಮೊದಲ ರೌಂಡ್ ಕಳೆದುಕೊಂಡವನು ಬೇರೆ ಯಾರೂ ಅಲ್ಲ, ನಾನೇ. ಆ ದಿನ ಕಾಯುವುದೇ ದೊಡ್ಡ ಕೆಲಸ. ಹತ್ತಕ್ಕೆ ಅಂದದ್ದು ಮೂರಕ್ಕೆ ಬರಬಹುದು. ಬೆಳಗ್ಗೆಯೇ ಕುಣಿದು ಬೆವರಿಳಿಸಬೇಡಿ. ನಿಮ್ಮ ಮುಂಚೆ ಮೂರು ಪಂದ್ಯ ಉಳಿದಾಗ ಮೈ ಬಿಸಿ ಮಾಡಲು ಏಳಿ, ಒಂದು ರೌಂಡಿನಷ್ಟು ಪ್ಯಾಡ್ ಹೊಡೆದು ಒಮ್ಮೆ ಪೂರ್ತಿ ಏದುಸಿರು ಬರಿಸಿಕೊಳ್ಳಿ. ಆ ಮೊದಲ ಏದುಸಿರು ರಿಂಗಿನೊಳಗೆ ಬರುವುದು ಬೇಡ.

ಎಡಗಾಲು

ಪಂದ್ಯ ಮುಗಿಯಿತು. ಏನಾಯಿತು ಹೇಳುತ್ತೇನೆ. ಒಂದು ಗೆದ್ದೆ, ಒಂದು ಸೋತೆ.

ಮೊದಲನೆಯವನು ಟೇಕ್ವಾಂಡೋ ಹಿನ್ನೆಲೆಯವನು. ಹಳೇ ಗ್ಲೌಸ್ ಅವರು ಹೇಳಿದ ಹಾಗೇ ಕೈ ಕೆಳಗೆ. ಆದರೆ ಮುಂದಿನ ಕಾಲು ಎಷ್ಟು ಚುರುಕು ಅಂದರೆ ಮೊದಲ ರೌಂಡ್ ಪೂರ್ತಿ ನನಗೆ ಹತ್ತಿರ ಹೋಗಲು ಆಗಲಿಲ್ಲ. ಎರಡನೇ ರೌಂಡಿನಲ್ಲಿ ಅವನ ಕಾಲು ನೆಲಕ್ಕೆ ಇಳಿಯುವ ಹೊತ್ತಿಗೆ ನುಗ್ಗಿ, ಮೂರು ಗುದ್ದು ಹೊಡೆದು, ಪಕ್ಕಕ್ಕೆ ಹೋದೆ. ಅದನ್ನೇ ಮತ್ತೆ ಮತ್ತೆ ಮಾಡಿದೆ. ಒಂದು ಗುದ್ದು ಜೋರಾಯಿತು ಅಂತ ಎಚ್ಚರಿಕೆಯೂ ಸಿಕ್ಕಿತು. ರೆಫರಿ ಕುರ್ಚಿ ಅವರ ಮುಖ ಕಣ್ಣ ಮುಂದೆ ಬಂತು, ನೋಡಿಲ್ಲದಿದ್ದರೂ. ಉಸಿರು ಕೊನೆಯವರೆಗೂ ಇತ್ತು!

ಎರಡನೇ ಪಂದ್ಯ ಮೂರನೇ ರೌಂಡಿನವರೆಗೂ ಸಮ ಅಂತ ನನ್ನ ಲೆಕ್ಕ. ಆಗ ನನ್ನ ಎಡಗಾಲು ಅವನ ತಲೆಗೆ ಚೆನ್ನಾಗಿ ತಗಲಿತು. ತಗಲಿದ್ದೇ ತಡ, ನಿಂತುಬಿಟ್ಟೆ. ಎಂಟು ವಾರ ಪ್ಯಾಡಲ್ಲಿ ಹೊಡೆಸಿಕೊಂಡದ್ದೆಲ್ಲ ಎಲ್ಲಿ ಹೋಯಿತೋ! ಅವನು ನಾಲ್ಕು ಹೊಡೆದು ಮುಂದೆ ಹೋದ, ನಾನು ಮತ್ತೆ ಹಿಡಿಯಲಿಲ್ಲ.

ಮುಗಿದ ಮೇಲೆ ಅವನೇ ಬಂದು ಕೈ ಕುಲುಕಿದ. 'ನೀನು ಹೊಡೆದ ಮೇಲೆ ನಿಲ್ಲುತ್ತೀಯ ಅಂತ ಗೊತ್ತಿತ್ತು, ಮೂರು ರೌಂಡೂ ಅದನ್ನೇ ಕಾಯುತ್ತಿದ್ದೆ' ಅಂದ. ಹೇಗೆ ಗೊತ್ತಾಯಿತು ಅಂದರೆ, ಅವನೂ ಎಂಟು ವರ್ಷ ಪಾಯಿಂಟ್ ಕರಾಟೆ ಆಡಿದವನಂತೆ.

ಹಳೇ ಗ್ಲೌಸ್

ಅವನ ಜೊತೆ ಸ್ಪಾರಿಂಗ್ ಕೇಳಿದಿರಾ?

ಎಡಗಾಲು

ಕೇಳಿದೆ. ಶನಿವಾರ ಬಾ ಅಂದಿದ್ದಾನೆ.